ಕೈಪಿಡಿ ಬರೆಯುವವನು ಎಷ್ಟು ಬಲ್ಲವನಾಗಿರಬೇಕು?

ಯಂತ್ರವನ್ನು ನಡೆಸುವ ಬಗೆ, ಔಷಧವನ್ನು ಕಲಸುವ ಕ್ರಮ, ಬೆಳೆಗೆ ತಗಲುವ ರೋಗವನ್ನು ತಡೆಯುವ ವಿಧಾನ, ಇಂಥವನ್ನು ಬರಹದ ಮೂಲಕ ತಿಳಿಸುವವರನ್ನು ಲೇಖಕರ ಪಂಕ್ತಿಯಲ್ಲಿ ಕೂರಿಸುವ ರೂಢಿ ನಮ್ಮಲ್ಲಿ ಇಲ್ಲ. ಕವನಕ್ಕೆ ವಿಮರ್ಶಕನಿದ್ದಾನೆ, ಕಾದಂಬರಿಗೆ ಬಹುಮಾನವಿದೆ. ಪೊಟ್ಟಣದೊಳಗೆ ಮಡಿಸಿಟ್ಟ ಕರಪತ್ರದ ಮೇಲೆ ಅದನ್ನು ಬರೆದವನ ಹೆಸರು ಕೂಡ ಇರುವುದಿಲ್ಲ. ಹೀಗಿದ್ದರೂ, ಓದಿದ ಮರುಗಳಿಗೆಯಲ್ಲಿಯೇ ಓದುಗನ ಕೈಯನ್ನು ಕೆಲಸಕ್ಕೆ ಹಚ್ಚುವ ಬರಹ ಇದು. ಕವಿತೆಯಲ್ಲಿ ಒಂದು ಪದ ಅಸ್ಪಷ್ಟವಾದರೆ ವ್ಯಾಖ್ಯಾನಕ್ಕೆ ಅವಕಾಶವಾಗುತ್ತದೆ. ಕೈಪಿಡಿಯಲ್ಲಿ ಒಂದು ಪದ ಅಸ್ಪಷ್ಟವಾದರೆ ಯಾರದೋ ಫಸಲು ಹೋಗುತ್ತದೆ, ಯಾರದೋ ಕೈ ಸುಡುತ್ತದೆ.

ಇಂಥ ಬರಹವನ್ನು ಕೈಗೊಳ್ಳುವವನು ತನ್ನ ವಿಷಯವನ್ನು ಎಷ್ಟರಮಟ್ಟಿಗೆ ಬಲ್ಲವನಾಗಿರಬೇಕು? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಶಾಸ್ತ್ರಜ್ಞರ ಪಕ್ಷದವರು, ವಿಷಯವನ್ನು ಆಮೂಲಾಗ್ರವಾಗಿ ಅರಿತವನೇ ಬರೆಯಬೇಕು, ಭಾಷೆಯನ್ನು ಆಮೇಲೆ ಯಾರಾದರೂ ತಿದ್ದಿಕೊಡಬಹುದು ಎನ್ನುತ್ತಾರೆ. ಭಾಷಾಪ್ರಿಯರ ಪಕ್ಷದವರು, ಬರೆಯುವವನು ಓದುಗನಷ್ಟೇ ಅಜ್ಞನಾಗಿರುವುದು ಲೇಸು, ಓದುಗ ಎಡವುವ ಕಲ್ಲುಗಳೆಲ್ಲ ಆಗ ಅವನ ಕಾಲಿಗೂ ತಗಲುತ್ತವೆ ಎನ್ನುತ್ತಾರೆ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಇಬ್ಬರೂ ಅರಿವನ್ನು ಒಂದು ಧಾನ್ಯದ ರಾಶಿಯೆಂಬಂತೆ ಭಾವಿಸಿ, ಅದು ಎಷ್ಟು ಸೇರು ಇರಬೇಕೆಂದು ಅಳೆಯಹೊರಟಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಬಗೆಯ ಅರಿವು ಎಂಬುದು. ಇದನ್ನು ತತ್ತ್ವದ ಮಾತಾಗಿ ಚರ್ಚಿಸುವುದಕ್ಕಿಂತ ಒಂದು ನಿದರ್ಶನವನ್ನು ಹಿಡಿದು ನೋಡುವುದು ಒಳ್ಳೆಯದು.

ನಮ್ಮ ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ಬರುವ ಕೊಳೆರೋಗವನ್ನು ಅರಿಯದವರು ಆ ಸೀಮೆಯಲ್ಲಿ ಇಲ್ಲ. ಎಡೆಬಿಡದ ಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ಇಡೀ ವರ್ಷದ ಜೀವನಾಧಾರ ಕೆಲವೇ ವಾರಗಳಲ್ಲಿ ಮರದ ಬುಡಕ್ಕೆ ಬೀಳುತ್ತದೆ. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸಮಾಡಿ, ಇದಕ್ಕೆ ಒಂದು ಶಿಲೀಂಧ್ರ ಕಾರಣವೆಂದು ವಿವರಿಸುವ ಪ್ರಬಂಧವನ್ನು 1910ರಲ್ಲಿ ಪ್ರಕಟಿಸಿದರು. ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಆ ಕಾಲದ ಪ್ರಯತ್ನಗಳಿಂದ. ಶತಮಾನ ಕಳೆದರೂ ಅದು ಇಂದಿಗೂ ಬಳಕೆಯಲ್ಲಿದೆ.

ದ್ರಾವಣದ ಪಾಕ ನೋಡುವುದಕ್ಕೆ ಬಹಳ ಸುಲಭ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವನ್ನು ಐವತ್ತು ಲೀಟರು ನೀರಿನಲ್ಲಿ ಬೇರೆಯಾಗಿ ಕರಗಿಸಬೇಕು. ಸುಣ್ಣವನ್ನು ಅರಳಿಸಿ, ಆರಿಸಿ, ಇನ್ನೈವತ್ತು ಲೀಟರು ನೀರಿನಲ್ಲಿ ಹಾಲಿನಂತೆ ಕದಡಿ ಸೋಸಬೇಕು. ಪಾತ್ರೆ ಕಬ್ಬಿಣದ್ದಾಗಿರಬಾರದು. ತುತ್ತದ ನೀರನ್ನು ಸುಣ್ಣದ ಹಾಲಿಗೆ ಸುರಿಯುತ್ತ ಕೋಲಿನಿಂದ ಕಲಕುತ್ತಿರಬೇಕು. ಸಿದ್ಧವಾದ ಮೇಲೆ ಉಜ್ಜಿ ಹೊಳಪಿಸಿದ ಒಂದು ಕಬ್ಬಿಣದ ಚೂರಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಬಣ್ಣ ಕೂತಿದ್ದರೆ ಇನ್ನಷ್ಟು ಸುಣ್ಣದ ಹಾಲು ಸೇರಿಸಬೇಕು. ಅಂದು ಮಾಡಿದ್ದನ್ನು ಅಂದೇ ಬಳಸಿ ಮುಗಿಸಬೇಕು. ಮಳೆ ಹಿಡಿಯುವುದಕ್ಕೆ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಗಳಾದ ಮೇಲೆ ಮತ್ತೊಮ್ಮೆ ಸಿಂಪಡಿಸಬೇಕು.

ಈಗ ಇದೇ ಪಾಕವನ್ನು, ಭಾಷೆಯನ್ನು ಮಾತ್ರ ಬಲ್ಲ ಒಬ್ಬ ಲೇಖಕನ ಕೈಗೆ ಕೊಟ್ಟು, ಒಂದು ಪುಟಕ್ಕೆ ಸಂಗ್ರಹಿಸಿಕೊಡು ಎಂದು ಹೇಳಿದೆವೆನ್ನೋಣ. ಅವನು ಬುದ್ಧಿವಂತ, ವಾಕ್ಯಗಳನ್ನು ತಿಳಿಯಾಗಿಸುತ್ತಾನೆ, ಪುನರುಕ್ತಿಯನ್ನು ಕಳೆಯುತ್ತಾನೆ. ಕಬ್ಬಿಣದ ಪಾತ್ರೆ ಬೇಡ ಎಂಬ ಮಾತು ಅವನಿಗೆ ಸಣ್ಣ ವಿವರವಾಗಿ ಕಾಣುತ್ತದೆ. ಅದನ್ನು “ಸೂಕ್ತ ಪಾತ್ರೆಯಲ್ಲಿ” ಎಂದು ಸಂಗ್ರಹಿಸುತ್ತಾನೆ. ಯಾವುದನ್ನು ಯಾವುದಕ್ಕೆ ಸುರಿದರೇನು, ಕೊನೆಗೆ ಎರಡೂ ಬೆರೆಯುತ್ತವಲ್ಲ ಎಂದು ಯೋಚಿಸಿ “ಎರಡನ್ನೂ ಚೆನ್ನಾಗಿ ಬೆರೆಸಿರಿ” ಎಂದು ಬರೆಯುತ್ತಾನೆ. ಚೂರಿಯ ಸಂಗತಿಯಂತೂ ಹಳೆಯ ಕಾಲದ ನಂಬಿಕೆಯಂತೆ ತೋರಿ ಅವನ ಲೇಖನಿಯ ಮೊದಲ ಹೊಡೆತಕ್ಕೇ ಬಲಿಯಾಗುತ್ತದೆ. ಉಳಿದ ಪುಟ ಸೊಗಸಾದ ಕನ್ನಡದಲ್ಲಿರುತ್ತದೆ, ಓದುವುದಕ್ಕೆ ಹಿತವಾಗಿರುತ್ತದೆ, ತೋಟಕ್ಕೆ ಮಾತ್ರ ಅಪಾಯಕರವಾಗಿರುತ್ತದೆ.

ಇನ್ನು, ರಸಾಯನಶಾಸ್ತ್ರದಲ್ಲಿ ಪಾರಂಗತನಾದವನ ಕೈಗೆ ಕೊಡೋಣ. ತಾಮ್ರದ ಸಲ್ಫೇಟು ಮತ್ತು ಕ್ಯಾಲ್ಸಿಯಂ ಹೈಡ್ರಾಕ್ಸೈಡು ಕೂಡಿದಾಗ ಏನೇನು ಉತ್ಪನ್ನವಾಗುತ್ತದೆ, ತಾಮ್ರದ ಅಯಾನು ಶಿಲೀಂಧ್ರದ ಬೀಜಾಣುವನ್ನು ಹೇಗೆ ಕೊಲ್ಲುತ್ತದೆ, ಇವೆಲ್ಲವನ್ನೂ ಆತ ನಿರೂಪಿಸುತ್ತಾನೆ. ಚೂರಿಯ ಬದಲು ಆತ ಲಿಟ್ಮಸ್ ಕಾಗದವನ್ನು ಹೇಳಿಯಾನು. ಮುಂಗಾರಿನ ಹೊಸ್ತಿಲಿನಲ್ಲಿ, ಕೊನೆಗೌಡ ಸಿಗುವ ಒಂದೇ ದಿನದಲ್ಲಿ, ಹಳ್ಳಿಯ ಅಂಗಡಿಯಲ್ಲಿ ಲಿಟ್ಮಸ್ ಕಾಗದ ದೊರೆಯುವುದೋ ಇಲ್ಲವೋ ಎಂಬುದು ಆತನ ಶಾಸ್ತ್ರದ ವ್ಯಾಪ್ತಿಗೆ ಸೇರಿದ್ದಲ್ಲ. ಆತ ಬರೆದುದರಲ್ಲಿ ಸುಳ್ಳು ಒಂದೂ ಇರುವುದಿಲ್ಲ. ಆದರೆ ತೋಟಿಗನಿಗೆ ಬೇಕಾದ ನಾಲ್ಕು ಮಾತುಗಳು ಬೇಡದ ನಲವತ್ತು ಮಾತುಗಳ ನಡುವೆ ಹುದುಗಿಹೋಗಿರುತ್ತವೆ. ಎರಡಕ್ಕೂ ಒಂದೇ ಗಾತ್ರದ ಅಕ್ಷರ.

ಇವರಿಬ್ಬರ ನಡುವೆ ನಮಗೆ ಬೇಕಾದವನು ಯಾರು? ಪಾಕದ ಪ್ರತಿಯೊಂದು ಹೆಜ್ಜೆಯೂ ಏಕೆ ಇದೆ ಎಂಬುದನ್ನು ಬಲ್ಲವನು. ಕಬ್ಬಿಣದ ಪಾತ್ರೆ ಬೇಡವೆನ್ನುವುದಕ್ಕೂ ಕಬ್ಬಿಣದ ಚೂರಿಯನ್ನು ಅದ್ದು ಎನ್ನುವುದಕ್ಕೂ ಕಾರಣ ಒಂದೇ: ಸುಣ್ಣದೊಡನೆ ಕೂಡದೆ ಬಿಡಿಯಾಗಿ ಉಳಿದ ತಾಮ್ರ ನೀರಿನಿಂದ ಹೊರಬಂದು ಕಬ್ಬಿಣದ ಮೇಲೆ ಕೂಡುತ್ತದೆ. ಪಾತ್ರೆಯಲ್ಲಿ ಹಾಗಾದರೆ ಔಷಧದ ಸತ್ವ ಪಾತ್ರೆಗೆ ಹೋಯಿತು, ಪಾತ್ರೆಯೂ ತಿಂದುಹೋಯಿತು. ಚೂರಿಯ ಮೇಲೆ ಹಾಗಾದರೆ, ಬಿಡಿ ತಾಮ್ರ ಇನ್ನೂ ಉಳಿದಿದೆ, ಅದು ಎಳೆಗಾಯಿಯನ್ನೂ ಎಲೆಯನ್ನೂ ಸುಟ್ಟೀತು ಎಂಬ ಎಚ್ಚರಿಕೆ ದೊರೆಯಿತು. ಈ ಒಂದು ಸಂಗತಿಯನ್ನು ಅರಿತ ಲೇಖಕ ಎರಡು ಸೂಚನೆಗಳಲ್ಲಿ ಯಾವುದನ್ನೂ ಕೈಬಿಡುವುದಿಲ್ಲ. ಅರಿಯದವನಿಗೆ ಒಂದು ಕಡೆ ಕಬ್ಬಿಣ ಬೇಡವೆಂದು ಇನ್ನೊಂದು ಕಡೆ ಕಬ್ಬಿಣವನ್ನೇ ಅದ್ದು ಎನ್ನುವುದು ವಿರೋಧವಾಗಿಯೂ ಕಂಡೀತು.

ಸುಣ್ಣದ ಮಾತನ್ನು ನೋಡಿರಿ. ಇಂಗ್ಲಿಷಿನ ಮೂಲದಲ್ಲಿ ಸುಟ್ಟ ಸುಣ್ಣಕ್ಕೆ ಒಂದು ಹೆಸರು, ಅರಳಿದ ಸುಣ್ಣಕ್ಕೆ ಇನ್ನೊಂದು ಹೆಸರು ಇದ್ದರೂ, ನಮ್ಮ ಕರಪತ್ರಗಳಲ್ಲಿ ಎರಡಕ್ಕೂ ಬರೀ “ಸುಣ್ಣ” ಎಂದಿರುವುದನ್ನು ನಾನು ಕಂಡಿದ್ದೇನೆ. ಒಂದು ಕಿಲೋ ಶುದ್ಧವಾದ ಸುಟ್ಟ ಸುಣ್ಣ ನೀರು ಕುಡಿದು ಅರಳಿದಾಗ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಅರಳುವಾಗ ಕೈ ಸುಡುವಷ್ಟು ಕಾಯುತ್ತದೆ. ಅರಳಿದ ಸುಣ್ಣವಾದರೋ ಗಾಳಿಗೆ ತೆರೆದಿಟ್ಟಲ್ಲಿ ದಿನಕಳೆದಂತೆ ಸತ್ವಹೀನವಾಗಿ ಬರಿಯ ಸೀಮೆಸುಣ್ಣದ ಪುಡಿಯ ಗುಣಕ್ಕೆ ಇಳಿಯುತ್ತದೆ. ಪಾಕದಲ್ಲಿ ಸುಣ್ಣವನ್ನು ಬೇಕಾದುದಕ್ಕಿಂತ ಧಾರಾಳವಾಗಿಯೇ ಹೇಳಿರುವುದರಿಂದ ತೂಕದ ಹೆಚ್ಚುಕಡಮೆ ಅಷ್ಟಾಗಿ ಬಾಧಿಸದು. ಆದರೆ ಹಳೆಯ ಸುಣ್ಣ ಬಾಧಿಸುತ್ತದೆ. ಆಗ “ಒಂದು ಕಿಲೋ” ಎಂಬ ಅಂಕಿ ಓದುಗನನ್ನು ಕಾಯಲಾರದು. ಕಾಯುವುದು ಚೂರಿ. ಅಂಕಿ ಎಲ್ಲ ತೋಟಗಳಿಗೂ ಸಾಮಾನ್ಯವಾದುದನ್ನು ಹೇಳುತ್ತದೆ. ಪರೀಕ್ಷೆ ಈ ತೋಟದ, ಈ ದಿನದ, ಈ ಚೀಲದ ಸುಣ್ಣದ ಸ್ಥಿತಿಯನ್ನು ಹೇಳುತ್ತದೆ. ಎರಡರಲ್ಲಿ ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ನಡೆಯುವುದಿಲ್ಲ ಎಂಬುದನ್ನು ಭಾಷೆಯ ಜಾಣ್ಮೆಯೊಂದರಿಂದಲೇ ಕಂಡುಕೊಳ್ಳುವುದು ಸಾಧ್ಯವಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಕೈಪಿಡಿಯ ಲೇಖಕನಿಗೆ ವಿಷಯಜ್ಞಾನ ಬೇಕಾಗಿರುವುದು ಮುಖ್ಯವಾಗಿ ಬಿಡುವುದಕ್ಕಾಗಿ. ಬರೆಯುವುದಕ್ಕೆ ಸ್ವಲ್ಪ ಅರಿವು ಸಾಕು; ಯಾರಾದರೂ ಹೇಳಿದ್ದನ್ನು ಬರೆದುಕೊಂಡರಾಯಿತು. ಇದನ್ನು ಬಿಟ್ಟರೆ ಓದುಗನಿಗೆ ಹಾನಿಯಿಲ್ಲವೆಂದು ಎದೆ ತಟ್ಟಿ ಹೇಳುವುದಕ್ಕೆ ಅದಕ್ಕಿಂತ ಆಳವಾದ ಅರಿವು ಬೇಕು. ಬರಹ ಚಿಕ್ಕದಾದಷ್ಟೂ ಬರೆಯುವವನ ಅರಿವಿನ ಮೇಲೆ ಬೀಳುವ ಹೊರೆ ದೊಡ್ಡದು. ನೂರು ಪುಟದ ಗ್ರಂಥದಲ್ಲಿ ಸಂದೇಹ ಬಂದುದನ್ನೆಲ್ಲ ಸೇರಿಸಿಬಿಡಬಹುದು. ಅಂಗೈಯಗಲದ ಚೀಟಿಯಲ್ಲಿ ಆ ಆಶ್ರಯವಿಲ್ಲ.

ತೋಟದಲ್ಲಿ ತಪ್ಪಿದರೆ ಒಂದು ವರ್ಷದ ಫಸಲು ಹೋದೀತು. ಮನೆಯೊಳಗೆ ತಪ್ಪಿದರೆ ಹೋಗುವುದು ಇನ್ನೂ ಹೆಚ್ಚಿನದು. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹರಡಿದಾಗ, ಬನಗಾಂವ್ ಎಂಬಲ್ಲಿ ವೈದ್ಯ ದಿಲೀಪ್ ಮಹಲನಬೀಸ್ ಅವರು, ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಹೋದುದರಿಂದ, ಉಪ್ಪು ಮತ್ತು ಗ್ಲೂಕೋಸನ್ನು ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸುವ ಏರ್ಪಾಡು ಮಾಡಿದರು. ಕುಡಿಸಿದವರು ಬಹುಮಟ್ಟಿಗೆ ರೋಗಿಗಳ ಮನೆಯವರೇ. ಸಾವಿನ ಪ್ರಮಾಣ ಶೇಕಡಾ 30ರ ಸುಮಾರಿನಿಂದ ಶೇಕಡಾ 4ಕ್ಕಿಂತ ಕೆಳಗೆ ಇಳಿಯಿತು. ಇದರ ಹಿಂದಿನ ಶಾಸ್ತ್ರ ಸೂಕ್ಷ್ಮವಾದುದು: ಗ್ಲೂಕೋಸು ಕರುಳಿನ ಗೋಡೆಯನ್ನು ದಾಟುವಾಗ ಉಪ್ಪಿನ ಸೋಡಿಯಮ್ಮನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ, ನೀರು ಅವೆರಡನ್ನು ಹಿಂಬಾಲಿಸುತ್ತದೆ. ಇದನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಸೂಚಿಸಿದ್ದರು.

ಈ ಶಾಸ್ತ್ರವನ್ನು ತಾಯಂದಿರಿಗೆ ಹೇಳಬೇಕೆ? ಬೇಡ. ತಾಯಂದಿರಿಗಾಗಿ ಬರೆಯುವವನು ಅರಿತಿರಬೇಕೆ? ಖಂಡಿತವಾಗಿಯೂ ಅರಿತಿರಬೇಕು. ಏಕೆಂದರೆ, ಸಕ್ಕರೆ ಇಲ್ಲಿ ರುಚಿಗಾಗಿ ಇದೆಯೆಂದು ಭಾವಿಸಿದ ಲೇಖಕ, ನಮ್ಮ ಅಡುಗೆಯ ಪುಸ್ತಕಗಳ ರೂಢಿಯನ್ನು ಅನುಸರಿಸಿ “ರುಚಿಗೆ ತಕ್ಕಷ್ಟು” ಎಂದು ಬರೆದುಬಿಟ್ಟಾನು. ಸಾರಿಗೆ ಉಪ್ಪು ರುಚಿಗೆ ತಕ್ಕಷ್ಟು ಇರಲಿ ಎನ್ನುವುದು ಲೋಕಾನುಭವದ ಮಾತು. ಭೇದಿಯಿಂದ ಬತ್ತಿದ ಮಗುವಿಗೆ ಕುಡಿಸುವ ನೀರಿನಲ್ಲಿ ಅದೇ ಮಾತು ಮೃತ್ಯುವಿಗೆ ಬಾಗಿಲು ತೆರೆದೀತು. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಸೆಳವು ಬರಬಹುದು. ಸಕ್ಕರೆ ಅತಿಯಾದರೆ ಅದು ನೀರನ್ನು ಕರುಳಿಗೇ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಇದನ್ನು ಬಲ್ಲವನು ಮಾತ್ರ ಅಳತೆಯ ಮಾತಿನಲ್ಲಿ ಬಿಗಿಯಾಗಿದ್ದು ಉಳಿದೆಡೆ ಸಡಿಲವಾಗಿರಬಲ್ಲ.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ 1990ರವರೆಗೆ ಈ ಪಾಠವನ್ನು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳ ಹೊಸ್ತಿಲಿಗೆ ಕೊಂಡೊಯ್ದಿತು. ಅಲ್ಲಿ ಗ್ರಾಮಿನ ತಕ್ಕಡಿ ಇರಲಿಲ್ಲ. ಮೂರು ಬೆರಳಿನ ಚಿಟಿಕೆಯಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬುದೇ ಪಾಕ. ಆ ಸಂಸ್ಥೆಯವರ ಇನ್ನೊಂದು ಏರ್ಪಾಡು ನನಗೆ ಬಹಳ ಅರ್ಥವತ್ತಾಗಿ ಕಂಡಿದೆ. ಮನೆಮನೆಗೆ ಹೋಗಿ ಕಲಿಸಿದ ಮಹಿಳೆಯರಿಗೆ ಸಂಬಳ ಸಲ್ಲುತ್ತಿದ್ದುದು ಅವರು ಎಷ್ಟು ಹೇಳಿದರೆಂಬುದರ ಮೇಲಲ್ಲ. ಕೆಲವು ವಾರಗಳಾದ ಮೇಲೆ ಬೇರೊಬ್ಬರು ಹೋಗಿ ವಿಚಾರಿಸಿದಾಗ ಆ ತಾಯಂದಿರಿಗೆ ಎಷ್ಟು ನೆನಪಿತ್ತೆಂಬುದರ ಮೇಲೆ. ಕೈಪಿಡಿ ಬರೆಯುವವರ ಸಂಭಾವನೆಯನ್ನು ಹೀಗೆ ನಿಗದಿಮಾಡಿದರೆ ನಮ್ಮಲ್ಲಿ ಎಷ್ಟು ಮಂದಿಗೆ ಕಾಸು ಹುಟ್ಟೀತೋ!

ಮನೆಯಲ್ಲಿ ಕಲಸುವ ಇಂಥ ನೀರಿನ ವಿಷಯದಲ್ಲಿ, ಕುಡಿಸುವ ಮೊದಲು ತಾಯಿ ತಾನೇ ರುಚಿ ನೋಡಬೇಕು, ಅದು ಕಣ್ಣೀರಿಗಿಂತ ಉಪ್ಪಾಗಿರಬಾರದು ಎಂಬ ಸೂಚನೆ ಹಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ತೋಟಿಗನಿಗೆ ಚೂರಿ ಹೇಗೋ ತಾಯಿಗೆ ಕಣ್ಣೀರು ಹಾಗೆ. ಎರಡೂ ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವ ಉಪಾಯಗಳು. ಎರಡಕ್ಕೂ ಅಂಗಡಿಗೆ ಹೋಗಬೇಕಾಗಿಲ್ಲ. ಇಂದು ಸಿದ್ಧ ಪೊಟ್ಟಣಗಳು ಸಿಗುತ್ತವೆ. ಸಿಗುವಲ್ಲಿ ಅವೇ ಮೇಲು. ಆದರೆ ತೊಡಕು ಅಲ್ಲಿಯೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡಿರುವ 20.5 ಗ್ರಾಮಿನ ಮಿಶ್ರಣ ಒಂದು ಲೀಟರು ನೀರಿಗೆ ಆಗುವಂಥದು. 200 ಮಿಲಿಲೀಟರಿಗೆ ಆಗುವ ಸಣ್ಣ ಪೊಟ್ಟಣಗಳೂ ಮಾರುಕಟ್ಟೆಯಲ್ಲಿ ಉಂಟು. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಐದು ಪಟ್ಟು ಗಟ್ಟಿಯಾಯಿತು. ಪೊಟ್ಟಣದ ಮೇಲೆ ಬರೆಯುವವನಿಗೆ ಲೀಟರೆಂದರೇನೆಂದು ಗೊತ್ತಿದ್ದರೆ ಸಾಲದು. ಓದುವವಳ ಮನೆಯಲ್ಲಿ ಇರುವುದು ಚೊಂಬೋ ಲೋಟವೋ, ನೀರು ತಂದಿಟ್ಟ ಲೀಟರಿನ ಬಾಟಲಿಯೋ ಎಂಬುದೂ ತಾಂತ್ರಿಕ ಜ್ಞಾನದ ಒಂದು ಭಾಗವೇ.

ಇದೇ ಮಾತು ಕೀಟನಾಶಕಗಳ ಚೀಟಿಗಳಿಗೂ ಸಲ್ಲುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಲ್ಲಿ ಒಂದು ಇರಬೇಕು. ಕೆಂಪು ಅತಿ ಘೋರ ವಿಷ, ಹಸಿರು ಎಲ್ಲಕ್ಕಿಂತ ಸೌಮ್ಯ. ಹಸಿರೆಂದರೆ ನಿರ್ಭಯ, ಬೆಳೆಗೆ ಹಿತ ಎಂಬ ಭಾವ ನಮ್ಮ ಭಾಷೆಯಲ್ಲಿಯೇ ಇರುವಾಗ, ಇದೂ ವಿಷವೇ ಎಂದು ಬಿಡಿಸಿ ಹೇಳುವ ಹೊಣೆ ಬರೆಯುವವನದು. ಪ್ರಮಾಣವನ್ನು ಚೀಟಿಗಳು ಹೆಕ್ಟೇರಿನ ಲೆಕ್ಕದಲ್ಲಿ ಹೇಳುತ್ತವೆ. ನಮ್ಮ ರೈತ ಎಣಿಸುವುದು ಎಕರೆ ಗುಂಟೆಗಳಲ್ಲಿ; ಸಿಂಪಡಿಸುವಾಗ ಎಣಿಸುವುದು ಬೆನ್ನಿನ ಮೇಲಿನ ಕ್ಯಾನಿನಲ್ಲಿ. ಒಂದು ಹೆಕ್ಟೇರಿಗೆ 2.47 ಎಕರೆ. ಹೆಕ್ಟೇರಿಗೆ ಹೇಳಿದ್ದನ್ನು ಎಕರೆಗೆ ಹೊಡೆದರೆ ಸುಮಾರು ಎರಡೂವರೆ ಪಟ್ಟು ವಿಷ ಭೂಮಿಗೆ, ಬೆಳೆಗೆ, ಹೊಡೆಯುವವನ ಉಸಿರಿಗೆ ಸೇರಿತು. ಆ ಚೀಟಿಯನ್ನು ಅನುವಾದಿಸಿದವನು ವ್ಯಾಕರಣದಲ್ಲಿ ಒಂದು ತಪ್ಪನ್ನೂ ಮಾಡಿರಲಾರ. ಹೆಕ್ಟೇರಿನ ಪಕ್ಕದಲ್ಲಿ ಎಕರೆಗೆ ಇಷ್ಟು, ಒಂದು ಕ್ಯಾನಿಗೆ ಇಷ್ಟು ಎಂದು ಸೇರಿಸಬೇಕೆಂದು ಅವನಿಗೆ ಹೊಳೆಯದಿದ್ದುದೇ ಅಲ್ಲಿನ ದೋಷ. ಇಂಥ ಬರಹಗಳಲ್ಲಿ “ಸೂಕ್ತ”, “ಯಥೋಚಿತ”, “ಅಗತ್ಯಕ್ಕೆ ತಕ್ಕಂತೆ” ಎಂಬ ಪದಗಳು ಕಂಡಲ್ಲೆಲ್ಲ, ಬರೆದವನ ಅರಿವು ಅಲ್ಲಿಗೆ ಮುಗಿದಿದೆ ಎಂದು ನಾನು ತಿಳಿದುಕೊಳ್ಳುತ್ತೇನೆ.

ಹಾಗಾದರೆ ಬಳಸುವವನೇ ಬರೆದರೆ ಆಗದೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಬೋರ್ಡೋ ದ್ರಾವಣದ ಕಥೆ ಆರಂಭವಾದುದೇ ಹಾಗೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಪಕ್ಕದ ಬಳ್ಳಿಗಳಿಗೆ ತುತ್ತ ಸುಣ್ಣಗಳನ್ನು ಎರಚುತ್ತಿದ್ದರು. ಅಂಥ ಬಳ್ಳಿಗಳಿಗೆ ಬೂಜು ರೋಗ ಬಾರದಿದ್ದುದನ್ನು 1882ರಲ್ಲಿ ಗಮನಿಸಿದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ, ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದರು. ನಮ್ಮಲ್ಲಿಯೂ ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಎಂಬ ಧ್ಯೇಯವನ್ನಿಟ್ಟುಕೊಂಡು, ಬೆಳೆಯುವವರನ್ನೇ ಬರೆಯುವವರನ್ನಾಗಿ ಮಾಡಿದ್ದು ಕನ್ನಡ ಪತ್ರಿಕೋದ್ಯಮದಲ್ಲಿ ಸಣ್ಣ ಸಾಧನೆಯಲ್ಲ. ಕೈಯಾರೆ ಮಾಡಿದವನ ಮಾತಿಗೆ ಇರುವ ತೂಕ ಬೇರೆ. ಆದರೆ ಅವನಿಗೂ ಒಂದು ಮಿತಿಯುಂಟು. ತನ್ನ ತೋಟದಲ್ಲಿ ಫಲಿಸಿದ್ದು ಏಕೆ ಫಲಿಸಿತು ಎಂಬುದನ್ನು ಅರಿಯದಿದ್ದರೆ, ಬೇರೆ ಮಣ್ಣಿನ, ಬೇರೆ ಮಳೆಯ ತೋಟದವನಿಗೆ ಅವನು ಕೊಡುವ ಸಲಹೆ ಹರಕೆಯಷ್ಟೇ ಅನಿಶ್ಚಿತವಾದುದು. ಶಾಸ್ತ್ರಜ್ಞ ಬರೆಯಲಿ, ಸಾಹಿತಿ ಬರೆಯಲಿ, ಬಳಸುವವನೇ ಬರೆಯಲಿ, ಬೇಕಾದ ಅರಿವು ಮಾತ್ರ ಒಂದೇ ಬಗೆಯದು: ಹೆಜ್ಜೆಗೆ ಕಾರಣವೇನು, ಹೆಜ್ಜೆ ತಪ್ಪಿದರೆ ಏನಾಗುತ್ತದೆ, ತಪ್ಪಿದೆಯೆಂದು ಓದುಗನಿಗೆ ಕಾಣಿಸುವ ಗುರುತು ಯಾವುದು.

ಇಂಥ ಅರಿವನ್ನು ಸಂಪಾದಿಸುವುದು ಸಾಹಿತಿಗೆ ಅಸಾಧ್ಯವೆನ್ನುವವರು ನಮ್ಮ ಪರಂಪರೆಯನ್ನು ಮರೆತಿದ್ದಾರೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಜಲಶೋಧನೆ, ವೃಕ್ಷಾಯುರ್ವೇದ, ಅಡುಗೆ, ವಿಷವೈದ್ಯ ಮೊದಲಾದುವನ್ನು ಕನ್ನಡದಲ್ಲಿ ಬರೆದು ಆ ಕೃತಿಗೆ ‘ಲೋಕೋಪಕಾರ’ ಎಂದು ಹೆಸರಿಟ್ಟ. ರಾಜಾದಿತ್ಯ ಗಣಿತವನ್ನೂ ಕೀರ್ತಿವರ್ಮ ಗೋವೈದ್ಯವನ್ನೂ ಮಂಗರಸ ಪಾಕಶಾಸ್ತ್ರವನ್ನೂ ಕನ್ನಡ ಕಾವ್ಯದ ಛಂದಸ್ಸಿಗೆ ಇಳಿಸಿದರು. 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು. ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಕಾಲೇಜನ್ನು ಅರ್ಧಕ್ಕೆ ಬಿಟ್ಟ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಪದವಿಯಿಂದ ಬರುವ ಅರಿವು ಒಂದು. ಅರಿಯದೆ ಬರೆಯಲಾರೆನೆಂಬ ಹಟದಿಂದ ಬರುವ ಅರಿವು ಇನ್ನೊಂದು. ಎರಡನೆಯದು ಸಾಹಿತಿಗೂ ಸಲ್ಲುವಂಥದು.

ಇಷ್ಟೆಲ್ಲ ಶ್ರಮಕ್ಕೆ ಸಮಯವೆಲ್ಲಿದೆ, ಈಗ ಗಣಕಯಂತ್ರವೇ ಇಂಗ್ಲಿಷ್ ಕರಪತ್ರವನ್ನು ಕ್ಷಣಮಾತ್ರದಲ್ಲಿ ಕನ್ನಡಕ್ಕೆ ತಿರುಗಿಸಿಕೊಡುತ್ತದಲ್ಲ ಎಂಬ ವಾದವೂ ಕೇಳಿಬರುತ್ತಿದೆ. ತಿರುಗಿಸಿಕೊಡುತ್ತದೆ, ನಿಜ, ವಾಕ್ಯಗಳೂ ಈಚೆಗೆ ತಕ್ಕಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಅದಕ್ಕಾಗಿಯೇ ನಾವು ಹೆಚ್ಚು ಎಚ್ಚರವಾಗಿರಬೇಕು. ಹಿಂದೆ ಕೆಟ್ಟ ಅನುವಾದ ತನ್ನ ಮೈಮೇಲೆಯೇ ಕುರುಹನ್ನು ಹೊತ್ತಿರುತ್ತಿತ್ತು. ಓದುಗ ಸಂದೇಹಪಟ್ಟು ಪಕ್ಕದವರನ್ನು ಕೇಳುತ್ತಿದ್ದ. ನಯವಾದ ಕನ್ನಡದಲ್ಲಿ ಬಂದ ತಪ್ಪನ್ನು ಯಾರೂ ಸಂದೇಹಿಸುವುದಿಲ್ಲ. “ಇದು ಯಾವ ಸುಣ್ಣ?” ಎಂದು ಮೂಲವನ್ನೇ ತಡೆದು ಕೇಳುವ ಒಬ್ಬ ಮನುಷ್ಯ ನಡುವೆ ಇರಲೇಬೇಕು; ಹಾಗೆ ಕೇಳಬೇಕೆಂದು ಅವನಿಗೆ ತೋಚುವಷ್ಟು ಅರಿವೂ ಇರಬೇಕು.

ಆದುದರಿಂದ ನನ್ನ ಸಲಹೆಗಳು ಮೂರು. ಮೊದಲನೆಯದು, ಕೈಪಿಡಿ ಬರೆದವನು ತನ್ನ ಬರಹವನ್ನೇ ಎದುರಿಗಿಟ್ಟುಕೊಂಡು ಆ ಕೆಲಸವನ್ನು ಒಮ್ಮೆಯಾದರೂ ಕೈಯಾರೆ ಮಾಡಿರಬೇಕು. ಆಮೇಲೆ ವಿಷಯವನ್ನು ಅರಿಯದ ಇನ್ನೊಬ್ಬನಿಂದ ಮಾಡಿಸಿ, ಬಾಯಿ ಮುಚ್ಚಿಕೊಂಡು ನೋಡಬೇಕು. ಎರಡನೆಯದು, ಪ್ರತಿಯೊಂದು ಕರಪತ್ರದ ಕೊನೆಯಲ್ಲಿಯೂ ಬರೆದವನ ಹೆಸರನ್ನು ಅಚ್ಚುಮಾಡಬೇಕು. ಹೆಸರು ಬಿದ್ದಲ್ಲಿ ಹೊಣೆ ಹುಟ್ಟುತ್ತದೆ, ಕ್ರಮೇಣ ಗೌರವವೂ ಹುಟ್ಟೀತು. ಮೂರನೆಯದು ನಮ್ಮ ಕನ್ನಡ ಅಧ್ಯಾಪಕರಿಗೆ. ಪ್ರಬಂಧವೆಂದರೆ ‘ಮುಂಗಾರಿನ ಒಂದು ಸಂಜೆ’ಯೇ ಆಗಬೇಕೆಂಬ ನಿಯಮವೇನೂ ಇಲ್ಲ. ಸೈಕಲ್ಲಿನ ಚಕ್ರಕ್ಕೆ ತೇಪೆ ಹಾಕುವ ಬಗೆಯನ್ನು ಒಬ್ಬ ವಿದ್ಯಾರ್ಥಿ ಬರೆಯಲಿ. ಎಂದೂ ತೇಪೆ ಹಾಕದ ಮತ್ತೊಬ್ಬ ಅದನ್ನು ಓದಿ ಹಾಕಲಿ. ಚಕ್ರದಲ್ಲಿ ಗಾಳಿ ನಿಂತರೆ ಅಂಕ ಕೊಡಿರಿ. ಅಲಂಕಾರ, ಶೈಲಿ, ಔಚಿತ್ಯ, ಇವುಗಳ ಪಾಠ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿಯೂ ಆಗಲಾರದು.

ಕನ್ನಡ ಉಳಿಯಬೇಕೆಂದು ನಾವು ಸಭೆಗಳಲ್ಲಿ ಬಹಳ ಮಾತನಾಡುತ್ತೇವೆ. ಪದ್ಯದ ಭಾಷೆಯಾಗಿ ಅದು ಉಳಿದೀತು, ಸಂಶಯವಿಲ್ಲ. ಆದರೆ ವಿಷದ ಡಬ್ಬಿಯನ್ನು ತೆರೆಯುವಾಗ, ಮಗುವಿನ ಔಷಧವನ್ನು ಅಳೆಯುವಾಗ, ವಿದ್ಯುತ್ ಪಂಪನ್ನು ಬಿಚ್ಚುವಾಗ ಕನ್ನಡವನ್ನು ನಂಬಬಹುದೆಂಬ ಭರವಸೆ ಕನ್ನಡಿಗನಿಗೆ ಬರಬೇಕಾಗಿದೆ. ಆ ಭರವಸೆಯನ್ನು ಕೊಡಬಲ್ಲವನು ಎಲ್ಲವನ್ನೂ ಬಲ್ಲ ಪಂಡಿತನಾಗಬೇಕಾಗಿಲ್ಲ. ತಾನು ಅಳಿಸಿದ ಪ್ರತಿಯೊಂದು ಸಾಲಿಗೂ ಉತ್ತರ ಹೇಳಬಲ್ಲವನಾದರೆ ಸಾಕು.